ಟೈಟಾನಿಯಂ ಬ್ರ್ಯಾಕೆಟ್ ನೀಲಿಯಾದಾಗ: ನಿಕಲ್ ಮಿಶ್ರಲೋಹದ ಜಾಗಕ್ಕೆ ಟೈಟಾನಿಯಂ ಹಾಕಲು ಹೋದ ಒಂದು ಪ್ರಕರಣ

ಕೇಳಿದ್ದು ಇಷ್ಟೇ: ಆರು ಕಿಲೋ ಇಳಿಸಿಕೊಡಿ.

ಒಂದು ಸಣ್ಣ ಗ್ಯಾಸ್ ಟರ್ಬೈನಿನ ಟೆಸ್ಟ್ ರಿಗ್. ಬಿಸಿ ಗಾಳಿ ಹೊರಹೋಗುವ ಅದರ ಡಕ್ಟ್ ಇನ್ಕೊನೆಲ್ 625 ಎಂಬ ನಿಕಲ್ ಮಿಶ್ರಲೋಹದ ಹಾಳೆಯದು. ಡಕ್ಟನ್ನು ಹೊರಗಿನ ಚೌಕಟ್ಟಿಗೆ ಹಿಡಿದು ನಿಲ್ಲಿಸಲು ಸುತ್ತಲೂ ಎಂಟು ಬ್ರ್ಯಾಕೆಟ್‌ಗಳಿವೆ. ಒಂದೊಂದೂ ಗೇಣುದ್ದದ, 12 ಮಿ.ಮೀ. ದಪ್ಪದ ಚಪ್ಪಟೆ ತೋಳು. ಲೋಹ ಇನ್ಕೊನೆಲ್ 718, ಅದೂ ನಿಕಲ್ ಮಿಶ್ರಲೋಹವೇ. ತೂಕ 1.85 ಕಿಲೋ. ಡಕ್ಟಿಗೆ ಅಂಟಿಕೊಂಡಿರುವ ಬುಡ 430 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುತ್ತದೆ. ಸ್ಟಾರ್ಟ್ ಮಾಡುವಾಗ ಕೆಲವು ನಿಮಿಷ 520ರವರೆಗೂ ಏರುತ್ತದೆ. ಇನ್ನೊಂದು ತುದಿ 140ರ ಆಸುಪಾಸಿನಲ್ಲೇ ಇರುತ್ತದೆ.

ಎಂಟನ್ನೂ ಟೈಟಾನಿಯಂನಲ್ಲಿ ಮಾಡಿಬಿಡೋಣ ಎಂದು ಹೇಳಿದವನು ನಾನೇ. ಸುಮ್ನೆ ಹೇಳಿರಲಿಲ್ಲ, ಲೆಕ್ಕ ಹಾಕಿಯೇ ಹೇಳಿದ್ದೆ. ಟೈಟಾನಿಯಂ ಮಿಶ್ರಲೋಹಗಳಲ್ಲಿ ಎಲ್ಲೆಡೆ ಸಿಗುವುದು 6-4. ಅಂದರೆ ಶೇ. 6 ಅಲ್ಯೂಮಿನಿಯಂ, ಶೇ. 4 ವನೇಡಿಯಂ, ಉಳಿದದ್ದು ಟೈಟಾನಿಯಂ. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 4.43 ಗ್ರಾಂ. 718ರದ್ದು 8.19. ಅದೇ ಅಳತೆಯ ಬ್ರ್ಯಾಕೆಟ್ ಟೈಟಾನಿಯಂನಲ್ಲಿ ಸರಿಯಾಗಿ ಒಂದು ಕಿಲೋ ತೂಗುತ್ತದೆ. ಎಂಟಕ್ಕೆ 6.8 ಕಿಲೋ ಉಳಿತಾಯ. ಕೇಳಿದ್ದಕ್ಕಿಂತ ಜಾಸ್ತಿಯೇ ಆಯಿತು.

ಶಕ್ತಿಯನ್ನೂ ನೋಡಿದ್ದೆ. 718 ಶಾಶ್ವತವಾಗಿ ಬಾಗಲು ಶುರುವಾಗುವುದು 1,030 ಮೆಗಾಪ್ಯಾಸ್ಕಲ್ ಹತ್ತಿರ. 6-4 ಸುಮಾರು 880ರಲ್ಲಿ. ಇದನ್ನು ಸಾಂದ್ರತೆಯಿಂದ ಭಾಗಿಸಿದರೆ ಟೈಟಾನಿಯಂಗೆ 199, ನಿಕಲ್‌ಗೆ 126 ಬರುತ್ತದೆ. ತೂಕಕ್ಕೆ ತಕ್ಕ ಶಕ್ತಿಯಲ್ಲಿ ಟೈಟಾನಿಯಂ ಒಂದೂವರೆ ಪಟ್ಟು ಮುಂದಿದೆ. ಇಷ್ಟು ನೋಡಿ ಯಾರಾದರೂ ಬೇಡ ಅಂತಾರಾ?

ತಪ್ಪು ಇದ್ದದ್ದು ಇಲ್ಲೇ. ನನ್ನ ಪಟ್ಟಿಯಲ್ಲಿದ್ದ ಅಂಕಿಗಳೆಲ್ಲ 20 ಡಿಗ್ರಿಯವು.

ಒಮ್ಮೆಗೇ ಎಂಟನ್ನೂ ಬದಲಿಸದಿದ್ದದ್ದು ಪುಣ್ಯ. ಹಳೆಯ ಡ್ರಾಯಿಂಗಿನಂತೆಯೇ ಎರಡನ್ನು ಮಾತ್ರ ಟೈಟಾನಿಯಂನಲ್ಲಿ ಮಾಡಿಸಿ, ಎದುರುಬದುರಾಗಿ ಕೂರಿಸಿದೆವು. ಉಳಿದ ಆರು ಹಳೆಯವೇ. ರಿಗ್ ಒಟ್ಟು 60 ಗಂಟೆ ಓಡಿತು. ಆಮೇಲೆ ಬಿಚ್ಚಿದೆವು.

ಬಿಚ್ಚಿದಾಗ ಕಂಡದ್ದು

ಮೊದಲು ಕಣ್ಣಿಗೆ ಬಿದ್ದದ್ದು ಬಣ್ಣ. ಬುಡ ನೇರಳೆ ಮಿಶ್ರಿತ ನೀಲಿ. ಎರಡು ಬೆರಳು ಮೇಲೆ ಬಂಗಾರದ ಬಣ್ಣ. ಇನ್ನೂ ಮೇಲೆ ತಿಳಿ ಹುಲ್ಲಿನ ಬಣ್ಣ. ಕೊನೆಗೆ ಟೈಟಾನಿಯಂನ ಎಂದಿನ ಬೂದು. ನೋಡಲು ಚಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ಇದು ಬಳಿದ ಬಣ್ಣವಲ್ಲ. ಲೋಹದ ಮೇಲೆ ಕೂತ ಆಕ್ಸೈಡ್ ಪದರದ ದಪ್ಪ ಹೆಚ್ಚುಕಮ್ಮಿಯಾದಂತೆ ಬೆಳಕು ಬೇರೆ ಬೇರೆ ಬಣ್ಣವಾಗಿ ಹೊಮ್ಮುತ್ತದೆ. ಅಂದರೆ ಆ ಬ್ರ್ಯಾಕೆಟ್ ತಾನು ಎಲ್ಲೆಲ್ಲಿ ಎಷ್ಟು ಬೆಂದೆ ಎಂದು ಮೈಮೇಲೇ ಬರೆದುಕೊಂಡಿತ್ತು. ಪಕ್ಕದ 718 ಬ್ರ್ಯಾಕೆಟ್ ಬುಡದಲ್ಲಿ ತುಸು ಕಂದಿತ್ತು, ಅಷ್ಟೆ.

ಬೋಲ್ಟ್‌ಗಳ ಕಥೆ ಬೇರೆ. ಫಿಟ್ಟರ್ ಟಾರ್ಕ್ ರೆಂಚ್ ಹಾಕಿ ತಿರುಗಿಸಿದ. ಹಳೆಯ ಆರು ಬ್ರ್ಯಾಕೆಟ್‌ಗಳ ಬೋಲ್ಟ್‌ಗಳು ಕಿರ್ರೆಂದು ಜೋರಾಗಿ ಬಿಟ್ಟುಕೊಂಡವು. ಟೈಟಾನಿಯಂನವು ತಕರಾರಿಲ್ಲದೆ ಬಂದವು. "ಸರ್, ಇವು ಬಿಗಿನೇ ಇಲ್ಲ" ಅಂದ. ಬಿಗಿ ಮಾಡಿದ್ದು ಅವನೇ, ಅದೇ ರೆಂಚಿನಲ್ಲಿ, ಅದೇ ದಿನ.

ಬುಡದ ಕೆಳಮುಖ ತಿರುಗಿಸಿ ನೋಡಿದರೆ ಎರಡೂ ರಂಧ್ರಗಳ ಸುತ್ತ ಅರ್ಧಚಂದ್ರದ ಹಾಗೆ ಉಜ್ಜಿದ ಗುರುತು. ಕೆಲವು ಕಡೆ ಲೋಹ ಕಿತ್ತುಬಂದು, ಬ್ರ್ಯಾಕೆಟ್ ಕೂರುವ ಡಕ್ಟಿನ ಪಟ್ಟಿಗೆ, ಅಂದರೆ ಫ್ಲೇಂಜಿಗೆ, ಮೆತ್ತಿಕೊಂಡಿತ್ತು. ಟೈಟಾನಿಯಂನ ಹಳೆಯ ಚಾಳಿ ಇದು. ಒತ್ತಡದಲ್ಲಿ ಉಜ್ಜಿದರೆ ಎದುರಿನ ಲೋಹಕ್ಕೆ ಹತ್ತಿಕೊಳ್ಳುತ್ತದೆ.

ಕೊನೆಗೆ ಬ್ರ್ಯಾಕೆಟನ್ನು ಸರ್ಫೇಸ್ ಪ್ಲೇಟ್ ಮೇಲಿಟ್ಟು ಡಯಲ್ ಗೇಜ್ ಓಡಿಸಿದೆವು. ಮುಳ್ಳು ಸೊನ್ನೆಗೆ ವಾಪಸ್ ಬರಲಿಲ್ಲ. ಬುಡದ ಹತ್ತಿರ ತೋಳು ಬಾಗಿತ್ತು. ಭಾರ ತೆಗೆದ ಮೇಲೂ ಬಾಗಿಯೇ ಇತ್ತು.

ಕರಗುವ ಬಿಂದು ಎಂಬ ಬಲೆ

ನಮ್ಮ ಜೊತೆ ಹೊಸದಾಗಿ ಸೇರಿದ್ದ ಹುಡುಗ ಕೇಳಿದ ಪ್ರಶ್ನೆ ಚೆನ್ನಾಗಿತ್ತು. "ಸರ್, ಟೈಟಾನಿಯಂ 6-4 ಕರಗೋದು 1,600 ಡಿಗ್ರಿ ದಾಟಿದ ಮೇಲೆ. 718 ಆದ್ರೆ 1,260ಕ್ಕೇ ಕರಗೋಕೆ ಶುರು. ಹಾಗಿದ್ರೆ ಬಿಸಿಗೆ ಟೈಟಾನಿಯಮ್ಮೇ ವಾಸಿ ಅಲ್ವಾ?"

ಈ ಪ್ರಶ್ನೆ ಎಲ್ಲರಿಗೂ ಒಮ್ಮೆಯಾದರೂ ಬರುತ್ತದೆ. ನನಗೂ ಬಂದಿತ್ತು. ಲೋಹವೊಂದು ಬಿಸಿಯಲ್ಲಿ ಎಷ್ಟು ತಡೆಯುತ್ತದೆ ಎಂದು ಅಂದಾಜು ಮಾಡಲು ಕರಗುವ ಬಿಂದುವನ್ನು ನೋಡುವುದು ರೂಢಿ. ಒಂದೇ ಜಾತಿಯ ಲೋಹಗಳ ನಡುವೆ ಅದು ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. 6-4ರಿಂದ ದೀರ್ಘಕಾಲ ಕೆಲಸ ತೆಗೆಯಲು ಸುಮಾರು 350ರಿಂದ 400 ಡಿಗ್ರಿ ಮಿತಿ. 718 ಹತ್ತಿರಹತ್ತಿರ 650ರವರೆಗೆ ನಿಲ್ಲುತ್ತದೆ. ಮೊದಲು ಕರಗುವ ಲೋಹವೇ ಜಾಸ್ತಿ ಬಿಸಿ ತಡೆಯುತ್ತದೆ.

ಕಾರಣ ಒಳಗಿನ ಕಟ್ಟಡದಲ್ಲಿದೆ. ಲೋಹ ಬಾಗುವುದೆಂದರೆ ಹರಳಿನೊಳಗಿನ ಸಣ್ಣ ದೋಷಗಳು ಸಾಲುಸಾಲಾಗಿ ಸರಿಯುವುದು. 718ರಲ್ಲಿ ನಿಕಲ್ ಮತ್ತು ನಿಯೋಬಿಯಂ ಸೇರಿ ಕಣ್ಣಿಗೆ ಕಾಣದಷ್ಟು ಚಿಕ್ಕ ಬಿಲ್ಲೆಗಳಾಗಿ ಲೋಹದ ತುಂಬ ಹರಡಿಕೊಂಡಿರುತ್ತವೆ. ಸರಿಯುವ ದೋಷಕ್ಕೆ ಇವು ಹೆಜ್ಜೆಗೊಂದು ಹಂಪ್ ಇದ್ದ ಹಾಗೆ. ಈ ಹಂಪ್‌ಗಳು ಸುತ್ತಲಿನ ಹರಳಿನ ಜೊತೆ ಹೊಂದಿಕೊಂಡೇ ಬೆಳೆದಿರುತ್ತವೆ. ಹಾಗಾಗಿ 650ರವರೆಗೆ ಅಲುಗಾಡದೆ ಕೂತಿರುತ್ತವೆ. ಅದರಾಚೆ ದಪ್ಪವಾಗುತ್ತಾ ಹೋಗಿ ಬೇರೆ ರೂಪಕ್ಕೆ ತಿರುಗುತ್ತವೆ. 718ರ ಮಿತಿಯೂ ಅಲ್ಲಿಗೆ ಮುಗಿಯಿತು. 6-4ರಲ್ಲಿ ಇಂಥ ಗಟ್ಟಿ ಹಂಪ್‌ಗಳಿಲ್ಲ. ಎರಡು ಬಗೆಯ ಹರಳು ಬೆರೆತಿರುತ್ತವೆ. ಅದರಲ್ಲೊಂದರೊಳಗೆ ಪರಮಾಣುಗಳು ಬಿಸಿಯಲ್ಲಿ ಸಲೀಸಾಗಿ ಓಡಾಡುತ್ತವೆ. ಒಂದೇ ಸಮ ಭಾರ ಹೊರಿಸಿ ಬಿಸಿಯಲ್ಲಿಟ್ಟರೆ ನಿಧಾನವಾಗಿ ಜಗ್ಗುತ್ತದೆ. ಇದೇ ಕ್ರೀಪ್. ಡಯಲ್ ಗೇಜ್ ತೋರಿಸಿದ್ದು ಇದನ್ನೇ.

ಇನ್ನೊಂದು ಕಾರಣ ಆಕ್ಸಿಜನ್. ತಣ್ಣಗಿರುವಾಗ ಟೈಟಾನಿಯಂನ ಆಕ್ಸೈಡ್ ಪದರ ಅದ್ಭುತ ಕವಚ. ಸಮುದ್ರದ ನೀರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಅದಕ್ಕೆ ಏನೂ ಆಗುವುದಿಲ್ಲ. ಬಿಸಿ ಏರಿದಾಗ ಮಾತ್ರ ಅದೇ ಕವಚದಿಂದ ಆಕ್ಸಿಜನ್ ಒಳಗೆ ಇಳಿಯುತ್ತದೆ. ಟೈಟಾನಿಯಂ ಆಕ್ಸಿಜನ್ನನ್ನು ಕುಡಿಯುತ್ತದೆ ಅಂದರೂ ನಡೆದೀತು. 550 ಡಿಗ್ರಿ ದಾಟಿದ ಮೇಲೆ ಇದು ಜೋರು. ಮೇಲ್ಪದರ ಗಡುಸಾಗಿ, ಗಾಜಿನ ಹಾಗೆ ಬಿರಿಯುವಂತಾಗುತ್ತದೆ. 718ರಲ್ಲಿ ಶೇ. 17ರಿಂದ 21 ಕ್ರೋಮಿಯಂ ಇದೆ. ಅದು ಕಟ್ಟುವ ಆಕ್ಸೈಡ್ ಬಿಸಿಯಲ್ಲೂ ಬಾಗಿಲು ಹಾಕಿಕೊಂಡೇ ಇರುತ್ತದೆ. ನಮ್ಮ ಬುಡ 520 ಮುಟ್ಟುತ್ತಿದ್ದದ್ದು ಕೆಲವೇ ನಿಮಿಷ, ಹಾಗಾಗಿ ಬಚಾವಾದೆವು. ಆದರೆ ಅಂಚಿನಲ್ಲೇ ಇದ್ದೆವು.

ಆಮೇಲೆ ನನ್ನ ಹಳೆಯ ಪಟ್ಟಿಗೆ 430 ಡಿಗ್ರಿಯ ಕಾಲಂ ಸೇರಿಸಿದೆ. 6-4ರ ಶಕ್ತಿ ಅಲ್ಲಿ ಸುಮಾರು 500 ಮೆಗಾಪ್ಯಾಸ್ಕಲ್‌ಗೆ ಇಳಿಯುತ್ತದೆ. 718 ಇನ್ನೂ 900ರ ಮೇಲೆಯೇ. ಸಾಂದ್ರತೆಯಿಂದ ಭಾಗಿಸಿದರೆ ಎರಡಕ್ಕೂ 112, 113ರ ಹತ್ತಿರ. ತೂಕಕ್ಕೆ ತಕ್ಕ ಶಕ್ತಿಯಲ್ಲಿ ಒಂದೂವರೆ ಪಟ್ಟು ಮುಂದಿದ್ದ ಟೈಟಾನಿಯಂ 430ರಲ್ಲಿ ನಿಕಲ್ ಜೊತೆ ಸಮ. ಇದು ಕ್ರೀಪ್ ಸೇರಿಸದ ಲೆಕ್ಕ. ಸೇರಿಸಿದರೆ ಹಿಂದೆಯೇ. ಜೆಟ್ ಎಂಜಿನ್‌ಗಳ ಕಂಪ್ರೆಸರಿನಲ್ಲಿ ಮುಂದಿನ ಹಂತಗಳು ಟೈಟಾನಿಯಂ, ಹಿಂದಿನ ಬಿಸಿ ಹಂತಗಳು ನಿಕಲ್ ಆಗಿರುವುದಕ್ಕೆ ಇದೂ ಒಂದು ಕಾರಣ.

ಬೋಲ್ಟ್ ಸಡಿಲವಾದದ್ದು ಹೇಗೆ

ಪ್ರಕರಣದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಈ ಭಾಗ. ಕ್ರೀಪ್ ಬಗ್ಗೆ ಓದಿಯಾದರೂ ಇತ್ತು. ಬೋಲ್ಟ್ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಬೋಲ್ಟನ್ನು ಬಿಗಿ ಮಾಡುವುದೆಂದರೆ ಅದನ್ನು ತುಸು ಎಳೆದು ಉದ್ದ ಮಾಡುವುದು. ಎಳೆದ ಬೋಲ್ಟ್ ವಾಪಸ್ ಕುಗ್ಗಲು ನೋಡುತ್ತದೆ, ಆ ಎಳೆತವೇ ಹಿಡಿತ. ನಮ್ಮಲ್ಲಿ ಬೋಲ್ಟ್ 718ರದ್ದು. ಅದು ಹಿಡಿದಿರುವುದು 12 ಮಿ.ಮೀ. ಬ್ರ್ಯಾಕೆಟ್, 12 ಮಿ.ಮೀ. ಫ್ಲೇಂಜ್, ಒಟ್ಟು 24 ಮಿ.ಮೀ. ಬಿಗಿ ಮಾಡಿದಾಗಿನ ಒತ್ತಡ 400 ಮೆಗಾಪ್ಯಾಸ್ಕಲ್. 718ರ ಎಲಾಸ್ಟಿಕ್ ಮಾಡ್ಯುಲಸ್, ಅಂದರೆ ಎಳೆತಕ್ಕೆ ಹಿಗ್ಗದೆ ಬಿಗಿಯಾಗಿ ನಿಲ್ಲುವ ಗುಣದ ಅಳತೆ, 200 ಗಿಗಾಪ್ಯಾಸ್ಕಲ್. ಹಾಗಾಗಿ ಬೋಲ್ಟ್ ಉದ್ದವಾಗಿದ್ದದ್ದು ಬರೀ 48 ಮೈಕ್ರಾನ್. ತಲೆಗೂದಲಿಗಿಂತ ಸಣ್ಣ ಅಳತೆ.

ಈಗ ಬಿಸಿ ಮಾಡಿ. 20ರಿಂದ 430ರವರೆಗೆ ಒಂದೊಂದು ಡಿಗ್ರಿಗೂ 718 ಮೀಟರಿಗೆ ಸುಮಾರು 14 ಮೈಕ್ರಾನ್ ಹಿಗ್ಗುತ್ತದೆ. 6-4 ಹಿಗ್ಗುವುದು ಒಂಬತ್ತೂವರೆ. 12 ಮಿ.ಮೀ. ಟೈಟಾನಿಯಂ 47 ಮೈಕ್ರಾನ್ ದಪ್ಪವಾಗುವಷ್ಟರಲ್ಲಿ, ಅಷ್ಟೇ ಉದ್ದದ ಬೋಲ್ಟ್ 70 ಮೈಕ್ರಾನ್ ಬೆಳೆದಿರುತ್ತದೆ. ವ್ಯತ್ಯಾಸ 23 ಮೈಕ್ರಾನ್. 48 ಎಳೆದಿದ್ದರಲ್ಲಿ 23 ಹೋಯಿತು. ಬಿಗಿದ ತಟ್ಟೆಗಳೂ ಸ್ವಲ್ಪ ಅದುಮಿಕೊಂಡಿರುವುದರಿಂದ ಪೂರ್ತಿ ಅರ್ಧ ಹೋಗುವುದಿಲ್ಲ. ಆದರೂ ಹಿಡಿತದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಮಾಯ. ಹಳೆಯ ಬ್ರ್ಯಾಕೆಟ್ ಕೂಡ 718 ಆಗಿದ್ದರಿಂದ ಬೋಲ್ಟ್ ಜೊತೆ ಅದೂ ಬೆಳೆಯುತ್ತಿತ್ತು. ಅಲ್ಲಿ ಈ ತಂಟೆಯೇ ಇರಲಿಲ್ಲ.

ಹಿಡಿತ ಕಮ್ಮಿಯಾದ ಮೇಲೆ ಜಾರುವುದು ಸಹಜ. ಎರಡು ಬೋಲ್ಟ್‌ಗಳ ನಡುವೆ 120 ಮಿ.ಮೀ. ಅಂತರ. ಕೆಳಗಿನ 625 ಫ್ಲೇಂಜ್ ಟೈಟಾನಿಯಂಗಿಂತ ಜಾಸ್ತಿ ಹಿಗ್ಗುತ್ತದೆ. ಅಷ್ಟು ಉದ್ದದಲ್ಲಿ ವ್ಯತ್ಯಾಸ 0.2 ಮಿ.ಮೀ. ಪ್ರತಿ ಸಲ ಬಿಸಿಯಾದಾಗ ಆಚೆ, ತಣ್ಣಗಾದಾಗ ಈಚೆ. ಅರ್ಧಚಂದ್ರದ ಗುರುತು ಬಿದ್ದದ್ದು ಹೀಗೆ. ಬೋಲ್ಟ್ ಸಡಿಲವಾಗಲು ಈ ಜಾರಾಟವೂ ಸೇರಿಕೊಂಡಿತು.

ಹಾಗಿದ್ದರೆ ಬೋಲ್ಟನ್ನೂ ಟೈಟಾನಿಯಂನದೇ ಹಾಕಬಹುದಲ್ಲ ಎಂದು ಒಬ್ಬರು ಸೂಚಿಸಿದರು. ಆಗ ಉಲ್ಟಾ ಆಗುತ್ತದೆ. 625 ಫ್ಲೇಂಜ್ ಬೋಲ್ಟಿಗಿಂತ ಜಾಸ್ತಿ ಬೆಳೆದು ಬೋಲ್ಟನ್ನೇ ಎಳೆಯುತ್ತದೆ. ಅದೂ ಬಿಸಿಯಲ್ಲಿ ಶಕ್ತಿ ಕುಂದಿದ, ಕ್ರೀಪ್ ಆಗುವ ಬೋಲ್ಟನ್ನು.

ನಡುಗುವ ಲೆಕ್ಕ

ಎರಡನ್ನೇ ಹಾಕಿದ್ದರಿಂದ ಇದು ರಿಗ್‌ನಲ್ಲಿ ಕಾಣಲಿಲ್ಲ. ಕಾಗದದ ಮೇಲೆ ಕಂಡಿತು. ಎಂಟು ನಿಕಲ್ ಬ್ರ್ಯಾಕೆಟ್‌ಗಳ ಮೇಲೆ ಡಕ್ಟ್ ಸೆಕೆಂಡಿಗೆ 100 ಸಲ ನಡುಗುವ ಗುಣ ಹೊಂದಿದೆ. ಅದೇ ಸಾಲಿನ ಬ್ಲೋವರ್ ನಿಮಿಷಕ್ಕೆ 4,500 ಸುತ್ತು, ಅಂದರೆ ಸೆಕೆಂಡಿಗೆ 75. ಎರಡೂ ಒಂದಾದರೆ ನಡುಕ ಬೆಳೆಯುತ್ತಲೇ ಹೋಗುತ್ತದೆ. ದೂರ ಇದ್ದದ್ದರಿಂದ ಸುಖವಾಗಿತ್ತು. 6-4ರ ಮಾಡ್ಯುಲಸ್ 114. 718ರದ್ದಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಎಂಟನ್ನೂ ಅದೇ ಅಳತೆಯಲ್ಲಿ ಟೈಟಾನಿಯಂ ಮಾಡಿದ್ದರೆ 100 ಇದ್ದದ್ದು 75ಕ್ಕೆ ಇಳಿಯುತ್ತಿತ್ತು. ನೇರವಾಗಿ ಬ್ಲೋವರಿನ ತೆಕ್ಕೆಗೆ.

ದಪ್ಪ ಹೆಚ್ಚಿಸಿದರೆ ಸರಿಹೋಗುತ್ತದೆ ನಿಜ. ಬಾಗುವಿಕೆಯಲ್ಲಿ ದಪ್ಪಕ್ಕೆ ಬಲ ಜಾಸ್ತಿ, ಶೇ. 20 ಏರಿಸಿದರೆ ಸಾಕು. 12 ಮಿ.ಮೀ. ಇದ್ದದ್ದು ಹದಿನಾಲ್ಕೂವರೆ ಆಗುತ್ತದೆ, ತೂಕ 1.2 ಕಿಲೋ. ಆಗಲೂ ಲಾಭವೇ. ಆದರೆ ಡಕ್ಟಿನ ಇನ್ಸುಲೇಶನ್ ಕವಚದ ಸಂದಿನಲ್ಲಿ ಜಾಗ ಇರುವುದು 13 ಮಿ.ಮೀ.

ಒಂದು ಮಾತು ಇಲ್ಲಿ ಹೇಳಲೇಬೇಕು. ಮಾಡ್ಯುಲಸನ್ನು ಸಾಂದ್ರತೆಯಿಂದ ಭಾಗಿಸಿದರೆ ಟೈಟಾನಿಯಂಗೆ 25.7, ನಿಕಲ್‌ಗೆ 24.4. ಹೆಚ್ಚುಕಮ್ಮಿ ಒಂದೇ. ಹಗುರ ಲೋಹ ಅಂದಕೂಡಲೇ ಎಲ್ಲದರಲ್ಲೂ ಲಾಭ ಅಂದುಕೊಳ್ಳುತ್ತೇವೆ. ಬಾಗಬಾರದು ಎನ್ನುವುದೇ ಮುಖ್ಯವಾಗಿ, ದಪ್ಪ ಏರಿಸಲು ಜಾಗವೂ ಇಲ್ಲದಿದ್ದರೆ, ಲೋಹ ಬದಲಿಸಿ ಗಿಟ್ಟುವುದು ಕಮ್ಮಿ. ಆಕಾರ ಬದಲಿಸಿದರೆ ಗಿಟ್ಟುತ್ತದೆ. ಇದು ಹೊಳೆಯಲು ನನಗೆ ಎರಡು ವಾರ ಹಿಡಿಯಿತು.

ಟೈಟಾನಿಯಂ ಪರವಾಗಿಯೂ ಒಂದು ಅಂಶ ಇತ್ತು. 6-4ರಲ್ಲಿ ಶಾಖ ಹರಿಯುವುದು 718ಕ್ಕಿಂತ ಇನ್ನೂ ನಿಧಾನ, 11.4 ಇರುವಲ್ಲಿ 6.7. ಚೌಕಟ್ಟಿನ ಕಡೆಯ ತುದಿ ತಣ್ಣಗಿರಲು ಇದು ಒಳ್ಳೆಯದೇ. ಆದರೆ ಉಳಿದ ತಕರಾರುಗಳ ಮುಂದೆ ಇದು ನಿಲ್ಲಲಿಲ್ಲ.

ಬೆಳ್ಳಿ ನಟ್

ಬಿಚ್ಚಿದ ದಿನ ಫಿಟ್ಟರ್ ಇನ್ನೊಂದು ಮಾತು ಕೇಳಿದ್ದ: "ನಟ್ ಬೆಳ್ಳಿದೇ ಹಾಕಿದೀವಿ, ಪರವಾಗಿಲ್ವಾ ಸರ್?" ಬಿಸಿ ಜಾಗದ ನಿಕಲ್ ಬೋಲ್ಟ್‌ಗಳಿಗೆ ಬೆಳ್ಳಿ ಲೇಪದ ನಟ್ ಹಾಕುವುದು ವಾಡಿಕೆ. ಹಾಗೆ ಮಾಡಿದರೆ ಬಿಸಿಯಲ್ಲಿ ಥ್ರೆಡ್‌ಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುವುದಿಲ್ಲ. ಅದೇ ನಟ್‌ಗಳನ್ನೇ ಟೈಟಾನಿಯಂ ಬ್ರ್ಯಾಕೆಟ್ ಮೇಲೂ ಕೂರಿಸಿದ್ದೆವು. ಬಿಸಿ ಟೈಟಾನಿಯಂಗೆ ಬೆಳ್ಳಿ, ಅದರಲ್ಲೂ ಉಪ್ಪಿನಂಶ ಸೇರಿದ ಬೆಳ್ಳಿ, ಬಿರುಕು ತರುತ್ತದೆ. ಕ್ಯಾಡ್ಮಿಯಂ ಕೂಡ ಹಾಗೆಯೇ. ಮೈಯೆಲ್ಲ ಹೆಚ್ಚಾಗಿ ಟೈಟಾನಿಯಂನದೇ ಆದ, ಅಮೆರಿಕದ ಎಸ್‌ಆರ್-71 ಬೇಹುಗಾರಿಕೆ ವಿಮಾನದ ಬಳಗವನ್ನು ಕಟ್ಟುವಾಗ ಲಾಕ್‌ಹೀಡ್‌ನವರು ಕ್ಯಾಡ್ಮಿಯಂ ಲೇಪದ ಪಾನಾಗಳನ್ನು ಟೂಲ್ ಬಾಕ್ಸ್‌ಗಳಿಂದ ಹುಡುಕಿ ಹುಡುಕಿ ತೆಗೆಯಬೇಕಾಯಿತು. ಅಲ್ಲೇ ಬೇಸಿಗೆಯಲ್ಲಿ ಮಾಡಿದ ವೆಲ್ಡ್‌ಗಳು ಬೇಗ ಕೈಕೊಡುತ್ತಿದ್ದವು. ತೊಳೆಯುವ ನೀರಿಗೆ ಬೇಸಿಗೆಯಲ್ಲಿ ಕ್ಲೋರಿನ್ ಜಾಸ್ತಿ ಹಾಕುತ್ತಿದ್ದರು ಎನ್ನುವುದು ಆಮೇಲೆ ಗೊತ್ತಾಯಿತು.

ನಾವು ಗಾಬರಿಯಿಂದ ಡೈ ಪೆನಿಟ್ರಂಟ್, ಅಂದರೆ ಬಿರುಕಿಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ, ಹಾಕಿ ನೋಡಿದೆವು. ಬಿರುಕು ಕಾಣಲಿಲ್ಲ. 60 ಗಂಟೆ ಕಮ್ಮಿಯೇ ಆಗಿತ್ತು ಅನ್ನಿ.

ಏನೇನು ಯೋಚಿಸಿದೆವು, ಯಾಕೆ ಬಿಟ್ಟೆವು

ಬಿಸಿಗೆಂದೇ ಮಾಡಿದ ಟೈಟಾನಿಯಂ ಇದೆ. 6-2-4-2 ಎನ್ನುವ ಮಿಶ್ರಲೋಹ ಸುಮಾರು 540 ಡಿಗ್ರಿಯವರೆಗೆ ಕ್ರೀಪ್ ತಡೆಯುತ್ತದೆ. ಡಯಲ್ ಗೇಜಿನ ತಲೆನೋವು ಹೋಗುತ್ತಿತ್ತು. ಆದರೆ ಹಿಗ್ಗುವ ಗುಣ, ಮಾಡ್ಯುಲಸ್ ಬಹುತೇಕ ಅದೇ. ಬೋಲ್ಟ್ ಮತ್ತು ಬ್ಲೋವರ್ ಹಾಗೆಯೇ ಉಳಿಯುತ್ತವೆ.

ಬುಡ ನಿಕಲ್, ತೋಳು ಟೈಟಾನಿಯಂ ಮಾಡಿ ವೆಲ್ಡ್ ಮಾಡೋಣವೇ? ಆಗದು. ಎರಡೂ ಕರಗಿ ಬೆರೆತರೆ ಗಾಜಿನಂಥ ಸಂಯುಕ್ತಗಳು ಹುಟ್ಟುತ್ತವೆ, ವೆಲ್ಡ್ ತಣ್ಣಗಾಗುವಾಗಲೇ ಬಿರಿಯುತ್ತದೆ. ಟೈಟಾನಿಯಂ, ನಿಕಲ್ ಒಂದಕ್ಕೊಂದು ತಾಗಿದ ಕಡೆ 942 ಡಿಗ್ರಿಗೇ ದ್ರವವಾಗಬಲ್ಲವು, ಬಿಡಿಬಿಡಿಯಾಗಿ ಕರಗುವುದಕ್ಕಿಂತ ಎಷ್ಟೋ ಕೆಳಗೆ. ತಮಾಷೆ ಅಂದರೆ, ಇವೆರಡನ್ನೂ ಅರ್ಧರ್ಧ ಪರಮಾಣುಗಳ ಲೆಕ್ಕದಲ್ಲಿ ಸರಿಯಾಗಿ ಬೆರೆಸಿದರೆ ಬರುವುದು ನಿಟಿನಾಲ್, ಬಾಗಿಸಿ ಬಿಸಿ ಮಾಡಿದರೆ ಹಳೆಯ ಆಕಾರಕ್ಕೆ ಮರಳುವ ಲೋಹ. ನಮ್ಮ ವೆಲ್ಡಿನಲ್ಲಿ ಅಂಥ ಅದೃಷ್ಟವಿಲ್ಲ. ಎರಡು ತುಂಡನ್ನು ಬೋಲ್ಟ್ ಹಾಕಿ ಜೋಡಿಸುವ ಡ್ರಾಯಿಂಗನ್ನೂ ಮಾಡಿದೆ. ಜೋಡಣೆಯಲ್ಲಿ ಒಂದರ ಮೇಲೊಂದು ಬರುವ ಭಾಗ, ಬೋಲ್ಟ್ ಎಲ್ಲ ಸೇರಿ ಒಂದಕ್ಕೆ 0.3 ಕಿಲೋ ಉಳಿಯಿತು. ಅದಕ್ಕಾಗಿ ಹೊಸದಾಗಿ ಎಂಟು ಜಾಯಿಂಟ್ ಕಾಯುವುದು ಯಾರಿಗೂ ಇಷ್ಟವಾಗಲಿಲ್ಲ.

ಕೊನೆಗೆ ಮಾಡಿದ್ದು

ಬ್ರ್ಯಾಕೆಟ್‌ಗಳು 718ರಲ್ಲೇ ಉಳಿದವು. ಬಾಗುವ ತೋಳಿನಲ್ಲಿ ಮೇಲ್ಮೈ, ಕೆಳಮೈ ದುಡಿಯುತ್ತವೆ, ನಡುವಿನ ಲೋಹ ಸುಮ್ನೆ ಕೂತಿರುತ್ತದೆ. ಆ ನಡುವನ್ನು ಎರಡೂ ಪಕ್ಕದಿಂದ ಕೊರೆದು ಗುಳಿ ತೋಡಿದೆವು. ಒಂದರ ತೂಕ 1.85ರಿಂದ 1.40 ಕಿಲೋಗೆ ಬಂತು. ನಡುಗುವ ಲೆಕ್ಕ 100ರ ಹತ್ತಿರವೇ ಉಳಿಯಿತು. ಹಳೆಯ ಬೋಲ್ಟ್, ಹಳೆಯ ನಟ್.

ಕೊರೆಯುವುದು ಮಾತ್ರ ಸುಲಭವಿರಲಿಲ್ಲ. 718ಕ್ಕೆ ಟೂಲ್ ಮುಟ್ಟಿಸಿ ಸುಮ್ಮನೆ ನಿಂತರೆ ಆ ಜಾಗ ಅಲ್ಲೇ ಗಟ್ಟಿಯಾಗಿಬಿಡುತ್ತದೆ, ಮುಂದಿನ ಸುತ್ತಿಗೆ ಟೂಲಿನ ಮೂಗು ಹೋಗುತ್ತದೆ. ಅದಕ್ಕೇ ಮೆತ್ತಗಿರುವ ಸ್ಥಿತಿಯಲ್ಲಿ ಕೊರೆದು, ಆಮೇಲೆ 720 ಡಿಗ್ರಿಯಲ್ಲಿ 8 ಗಂಟೆ ಇಟ್ಟು, 620ಕ್ಕೆ ಇಳಿಸಿ, ಒಟ್ಟು 18 ಗಂಟೆಯ ಏಜಿಂಗ್, ಅಂದರೆ ಬಿಸಿಯಲ್ಲಿಟ್ಟು ಗಟ್ಟಿ ಮಾಡುವ ಕೆಲಸ, ಮುಗಿಸಿದೆವು. ಆ ನಿಯೋಬಿಯಂ ಹಂಪ್‌ಗಳು ಹುಟ್ಟುವುದು ಆ 18 ಗಂಟೆಯಲ್ಲೇ.

ಟೈಟಾನಿಯಂಗೂ ಜಾಗ ಸಿಕ್ಕಿತು. ಚೌಕಟ್ಟನ್ನು ತಳಕ್ಕೆ ಎಳೆದು ಹಿಡಿಯುವ ನಾಲ್ಕು ಟೈ ರಾಡ್‌ಗಳು 718ರಲ್ಲಿದ್ದವು. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಬ್ರ್ಯಾಕೆಟ್ ಡ್ರಾಯಿಂಗಿನ ಲೋಹದ ಹೆಸರು ಹಾಗೇ ನಕಲಾಗಿರಬೇಕು. ಅಲ್ಲಿ ಬಿಸಿ 60 ಡಿಗ್ರಿ. ಬರೀ ಎಳೆತ, ಬಾಗುವುದಿಲ್ಲ, ಜಾಗ ಬೇಕಾದಷ್ಟಿದೆ. 6-4ರಲ್ಲಿ ಸ್ವಲ್ಪ ದಪ್ಪ ಮಾಡಿದರೂ ಒಂದು ರಾಡ್ 0.9ರಿಂದ 0.58 ಕಿಲೋಗೆ ಇಳಿಯಿತು.

ಬ್ರ್ಯಾಕೆಟ್‌ಗಳಿಂದ 3.6, ರಾಡ್‌ಗಳಿಂದ 1.3, ಒಟ್ಟು 4.9 ಕಿಲೋ. ಕೇಳಿದ್ದು ಆರು. ಉಳಿದ 1.1ಕ್ಕೆ ಇನ್ನೂ ಮೇಲ್ ಬರುತ್ತಿರುತ್ತವೆ.

ಬೆಳ್ಳಿ ನಟ್‌ಗಳ ಡಬ್ಬಿಗೆ ಕೆಂಪು ಟೇಪ್ ಸುತ್ತಿ, ಟೈ ರಾಡ್ ಕಡೆ ಒಯ್ಯಬೇಡಿ ಎಂದು ಬರೆದಿದ್ದೇವೆ. 60 ಡಿಗ್ರಿಗೆ ಅದರಿಂದ ಏನೂ ಆಗುವುದಿಲ್ಲ ಎಂದು ಹೊಸ ಹುಡುಗ ವಾದ ಮಾಡಿದ, ಅವನು ಹೇಳಿದ್ದು ಸರಿಯೇ. ಆದರೆ ಬಿಸಿ ಜಾಗದ ಲೋಹ ತಣ್ಣನೆಯ ರಾಡಿಗೆ ನಕಲಾಗಿ ಬಂದದ್ದನ್ನು ನೋಡಿಯಾಗಿದೆ. ನಾಳೆ ಆ ರಾಡೂ ಎಲ್ಲಿಗೋ ನಕಲಾಗಿ ಹೋಗುತ್ತದೆ. ಟೇಪ್ ಇರಲಿ ಅಂದೆ.